ದಾಂಪತ್ಯ ರೈಲ್ವಿಕ ಅನಿಯೋಜಿತ ಚಲನಶೀಲತೆ: ರಾಯಚೂರು, ದೇವದುರ್ಗ, ಮಾನ್ವಿಯನ್ನು ಅನುಲಕ್ಷಿಸಿ

1. ಪೀಠಿಕೆ ಹಾಗೂ ಪರಿಭಾಷೆ

ಗಂಡ ಹೆಂಡತಿ ಬೆನ್ನಿಗೊಂದೊಂದು ಚೀಲ ಏರಿಸಿಕೊಂಡು, ಎಲ್ಲಿಗೆ ಹೋಗುತ್ತೇವೆಂದು ತಮಗೇ ಗೊತ್ತಿಲ್ಲದೆ, ಪರದೇಶದ ಯಾವುದೋ ಸ್ಟೇಷನ್ನಿನಲ್ಲಿ ಕಣ್ಣಿಗೆ ಬಿದ್ದ ರೈಲು ಹತ್ತಿ, ಮನಸ್ಸಿಗೆ ಬಂದ ಊರಲ್ಲಿ ಇಳಿದು, ಕಾಫಿ ಕುಡಿದು, ಕುಡಿದ ಕಾಫಿಯ ಫೋಟೊ ತೆಗೆದು, ಕತ್ತಲಾಗುವಷ್ಟರಲ್ಲಿ ಇನ್ನೊಂದು ರೈಲು ಹತ್ತಿ ಮರಳುವುದನ್ನು ಲೋಕ ‘ಸುಮ್ಮನೆ ಸುತ್ತಾಡಿ ಬಂದರು’ ಎಂದು ಕರೆಯುತ್ತದೆ. ಲೋಕಕ್ಕೆ ಪರಿಭಾಷೆಯ ಬಡತನವಿದೆ. ಪ್ರಸ್ತುತ ಪ್ರಬಂಧವು ಸದರಿ ಕ್ರಿಯೆಯನ್ನು ‘ದಾಂಪತ್ಯ ರೈಲ್ವಿಕ ಅನಿಯೋಜಿತ ಚಲನಶೀಲತೆ’ ಎಂದು ಪರಿಭಾವಿಸುತ್ತದೆ. ಮುಂದೆ ಎಲ್ಲೆಡೆ, ಕಾಗದದ ಬೆಲೆಯನ್ನು ಗಮನದಲ್ಲಿಟ್ಟುಕೊಂಡು, ‘ದಾರೈಅಚ’ ಎಂದು ಸಂಕ್ಷೇಪಿಸುತ್ತದೆ. ಉಚ್ಚರಿಸಲು ಬಾರದಿರುವುದು ಪರಿಭಾಷೆಯ ದೋಷವಲ್ಲ, ಅರ್ಹತೆ.

ಈ ವಸ್ತುವಿನ ಮೇಲೆ ಕನ್ನಡದಲ್ಲಿ ಬರವಣಿಗೆ ಕಡಿಮೆಯೇನಿಲ್ಲ. ‘ಅಂದು ಬೆಳಿಗ್ಗೆ ನಮಗೆ ಯಾವ ಯೋಜನೆಯೂ ಇರಲಿಲ್ಲ’ ಎಂದು ಶುರುವಾಗುವ ಲೇಖನ ಯಾವ ಪುರವಣಿಯಲ್ಲಾದರೂ ಸಿಗುತ್ತದೆ. ಎರಡನೆಯ ಪ್ಯಾರಾದಲ್ಲಿ ಹಿಮ ಬೀಳುತ್ತದೆ, ಮೂರನೆಯದರಲ್ಲಿ ಚೀಸ್ ಬರುತ್ತದೆ, ನಾಲ್ಕನೆಯದರಲ್ಲಿ ಒಬ್ಬ ಮುದುಕಿ ನಗುತ್ತಾಳೆ, ಕೊನೆಗೆ ಗುರಿಗಿಂತ ದಾರಿಯೇ ದೊಡ್ಡದೆಂದು ತಿಳಿಯುತ್ತದೆ. ಆದರೆ ಈ ಬರಹಗಳಿಗೆ ಒಂದು ಗಂಭೀರ ಮಿತಿಯಿದೆ: ಓದಿದರೆ ಅರ್ಥವಾಗಿಬಿಡುತ್ತವೆ. ಹೀಗಾಗಿ ಅವು ಸಂಕಥನದ ಮಟ್ಟಕ್ಕೆ ಏರಲಾರವು. ಆ ಕೊರತೆಯನ್ನು ತುಂಬಲು ಪ್ರಸ್ತುತ ಸಂಶೋಧಕ ಟೊಂಕ ಕಟ್ಟಿದ್ದಾನೆ.

2. ವ್ಯಾಪ್ತಿ, ಮಿತಿ, ಪ್ರಾಕ್ಕಲ್ಪನೆ

ಅಧ್ಯಯನದ ವ್ಯಾಪ್ತಿ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ. ಈ ಮೂರರಲ್ಲಿ ರೈಲು ಓಡುವುದು ರಾಯಚೂರಿಗೆ ಮಾತ್ರ. ರೈಲೇ ಇಲ್ಲದ ಎರಡು ಊರನ್ನು ರೈಲು ಪ್ರಯಾಣದ ಅಧ್ಯಯನಕ್ಕೆ ಯಾಕೆ ಆಯ್ದುಕೊಂಡೆಯೆಂದು ಮಾರ್ಗದರ್ಶಕರು ಕೇಳಬಹುದು. ಇದ್ದದ್ದನ್ನು ಇದೆ ಎನ್ನಲು ಸಂಶೋಧಕ ಬೇಕಿಲ್ಲ. ಇಲ್ಲದ್ದನ್ನು ‘ಅನುಪಸ್ಥಿತಿಯ ಉಪಸ್ಥಿತಿ’ ಎಂದು ಕರೆದು ಇನ್ನೂರು ಪುಟ ಬರೆಯಲು ಬೇಕು. ದೇವದುರ್ಗದಲ್ಲಿ ರೈಲಿನ ಅನುಪಸ್ಥಿತಿ ಬಹಳ ದಟ್ಟವಾಗಿದೆ, ಕೈಯಿಂದ ಮುಟ್ಟಿ ನೋಡಬಹುದು. ಮಾನ್ವಿಯಲ್ಲಿ ಅದು ಹೆಚ್ಚು ಸಂಕೀರ್ಣ, ಏಕೆಂದರೆ ಅಲ್ಲಿಗೆ ರೈಲು 1997-98ರಿಂದ ಬರುತ್ತಲೇ ಇದೆ.

ಪ್ರಾಕ್ಕಲ್ಪನೆ: ದಾರೈಅಚ ಎಂಬುದು ರಾಯಚೂರು ಸೀಮೆಯಲ್ಲಿ ಇದೆಯೆಂದೂ ಇಲ್ಲವೆಂದೂ ಏಕಕಾಲಕ್ಕೆ ಪ್ರತಿಪಾದಿಸಬಹುದಾದ ದ್ವಂದ್ವಾತ್ಮಕ ನೆಲೆಯಲ್ಲಿ ಇದೆ. (ಈ ವಾಕ್ಯ ಬರೆದ ಮೇಲೆ ಸಂಶೋಧಕನಿಗೆ ತಾನು ಡಾಕ್ಟರೇಟಿಗೆ ಹತ್ತಿರವಾದಂತೆ ಅನ್ನಿಸಿತು.)

3. ಪೂರ್ವಸೂರಿಗಳು

ಯಾವ ವಸ್ತುವಿನದಾದರೂ ಬೇರು ಶಾಸನದಲ್ಲಿ ಇರಲೇಬೇಕು. ನಮ್ಮದೂ ಇದೆ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಹೊತ್ತ, 41 ಅಡಿಗೂ ಮಿಕ್ಕಿ ಉದ್ದದ ಒಂದೇ ಒಂದು ಕಲ್ಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಸಾಲು ಹೂಡಿ ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲಿಯೇ ಕೆತ್ತಿದ್ದಾರೆ. ಈ ಸೀಮೆಯ ಸಾಗಾಣಿಕೆಯ ಇಷ್ಟು ಹಳೆಯ ಚಿತ್ರ ಸಂಶೋಧಕನಿಗೆ ಬೇರೆ ಸಿಕ್ಕಿಲ್ಲ. ಸಂಶೋಧಕ ಅದನ್ನು ಬಹಳ ಹೊತ್ತು ನೋಡಿದ. ಚಿತ್ರದಲ್ಲಿ ಸರಕಿದೆ, ಬಂಡಿಯಿದೆ, ಕೋಣಗಳಿವೆ, ಎಳೆಸುವವರಿದ್ದಾರೆ. ಕೂತು ಪ್ರಯಾಣ ಮಾಡುವವರು ಯಾರೂ ಇಲ್ಲ.

ಸರಕಿಗೇ ಮೊದಲ ಜಾಗ ಎಂಬ ಈ ಪರಂಪರೆ ಇನ್ನೂ ಜೀವಂತವಾಗಿದೆ. ರಾಯಚೂರಿನ ಹತ್ತಿರದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಉರಿಯಲು ಶುರುವಾಯಿತು. ಈಗ ಇಡೀ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್. ಅದಕ್ಕೆ ಬೇಕಾದ ಕಲ್ಲಿದ್ದಲು ರೇಕುಗಟ್ಟಲೆ ರೈಲಿನಲ್ಲೇ ಬರುತ್ತದೆ. ಗೂಡ್ಸ್ ಮುಂದೆ ಹೋಗಲೆಂದು ಪ್ಯಾಸೆಂಜರ್ ಗಾಡಿ ಸಿಗ್ನಲ್ಲಿನಲ್ಲಿ ನಿಂತಿರುವುದು ಈ ದಾರಿಯ ಜನಕ್ಕೆ ಹೊಸದಲ್ಲ. ಕಲ್ಲಿದ್ದಲು ರಾಯಚೂರಿಗೆ ಬರುತ್ತದೆ, ಕರೆಂಟು ಬೆಂಗಳೂರಿಗೆ ಹೋಗುತ್ತದೆ, ಬೂದಿ ಮತ್ತು ಬಿಸಿ ಇಲ್ಲಿ ಉಳಿಯುತ್ತವೆ. ಇದು ಪ್ರಬಂಧದ ವ್ಯಾಪ್ತಿಗೆ ಹೊರತಾದದ್ದು, ಆದರೂ ಬರೆದಿದ್ದೇನೆ.

ಎರಡನೆಯ ಪೂರ್ವಸೂರಿಗಳು ದಾಸರು. ವಿಜಯದಾಸರು ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ, ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ, ಹರಿಕಥಾಮೃತಸಾರದ ಜಗನ್ನಾಥದಾಸರು ಬ್ಯಾಗವಾಟದಲ್ಲಿ. 17-18ನೇ ಶತಮಾನದ ಈ ಮೂವರೂ ನಮ್ಮ ಅಧ್ಯಯನದ ನಕ್ಷೆಯೊಳಗೇ ಬೀಳುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಎರಡು ದಿನದ ದಾರಿ. ಹೆಗಲಿಗೆ ತಂಬೂರಿ, ಕಾಲಿಗೆ ಗೆಜ್ಜೆ, ಮುಂದಿನ ಊಟ ಯಾರ ಮನೆಯದೆಂದು ಗೊತ್ತಿಲ್ಲ, ರಾತ್ರಿ ಯಾವ ಗುಡಿಯ ಕಟ್ಟೆಯೆಂದೂ ಗೊತ್ತಿಲ್ಲ. ಅನಿಯೋಜಿತ ಚಲನಶೀಲತೆಗೆ ಇದಕ್ಕಿಂತ ದೊಡ್ಡ ಆಕರ ಬೇಕೆ? ಒಂದೇ ತೊಡಕು: ದಾಸರು ಹೋದಲ್ಲೆಲ್ಲ ಹಾಡು ಕಟ್ಟಿದರು. ಇಂದಿನ ಬೆನ್ನುಚೀಲಿಗರು ಕಾಫಿಯ ಫೋಟೊ ಕಟ್ಟುತ್ತಾರೆ. ಎರಡರ ತೌಲನಿಕ ಅಧ್ಯಯನವನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದೆ. ಮುಂದಿನ ಸಂಶೋಧಕರಿಗೆ ಏನನ್ನಾದರೂ ಬಿಡದಿದ್ದರೆ ಪ್ರಬಂಧ ಪೂರ್ತಿಯಾದಂತಲ್ಲ.

ಇನ್ನು ರೈಲು. 1871ರಲ್ಲಿ ಮುಂಬಯಿ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಬಂತು, ಮದರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯ ಹಳಿ ಬಂತು; ಎರಡೂ ಕೂಡಿದ್ದು ರಾಯಚೂರಿನಲ್ಲಿ. ಮುಂಬಯಿಯನ್ನೂ ಮದರಾಸನ್ನೂ ರೈಲಿನಿಂದ ಬೆಸೆದ ಗಂಟು ನಮ್ಮ ಊರು. ನಿಜಾಮರ ಸೀಮೆಯ ಮೂಲೆಯೊಂದರಲ್ಲಿ ದೇಶದ ಎರಡು ದೊಡ್ಡ ಪಟ್ಟಣಗಳು ಕೈಕುಲುಕಿದ ಮೇಲೆ, ಅಲ್ಲಿಂದ ಎರಡು ದಿನ ಬಂಡಿ ಹೊಡೆದರೆ ಸಿಗುವ ಮಾನ್ವಿಗೆ ಹಳಿ ಬರಲು ಎಷ್ಟು ಹೊತ್ತು ಬೇಕು ಎಂದು ಅಂದಿನವರು ಅಂದುಕೊಂಡಿರಬಹುದು. ಒಂದೂವರೆ ಶತಮಾನ ದಾಟಿದೆ.

4. ಕ್ಷೇತ್ರಕಾರ್ಯ: ದಂಪತಿ ‘ಅ’

ದಂಪತಿ ‘ಅ’ದಲ್ಲಿ ಗಂಡ ರಾಯಚೂರಿನವ, ಹೆಂಡತಿ ಮಾನ್ವಿಯಾಕೆ, ಕೆಲಸ ಜರ್ಮನಿಯ ಮ್ಯೂನಿಕ್ಕಿನಲ್ಲಿ. ಸಂಶೋಧನಾ ನೈತಿಕತೆಯ ಕಾರಣಕ್ಕೆ ಹೆಸರು ಕೊಟ್ಟಿಲ್ಲ. ಕೊಡಲು ಹೆಸರೂ ಇಲ್ಲ, ಏಕೆಂದರೆ ಇಂಥ ಹಲವರನ್ನು ಕಲಸಿ ಸಂಶೋಧಕನೇ ಈ ಜೋಡಿಯನ್ನು ಕಟ್ಟಿದ್ದಾನೆ. ಅಂಕಿಅಂಶ ಕಟ್ಟುವುದಕ್ಕಿಂತ ಇದು ವಾಸಿ.

ಮ್ಯೂನಿಕ್ಕಿನ ಒಂದು ಬೆಳಿಗ್ಗೆ ಇವರು ಬಯರ್ನ್ ಟಿಕೆಟ್ ಎಂಬ ಚೀಟಿ ಕೊಳ್ಳುತ್ತಾರೆ. ವಾರದ ದಿನವಾದರೆ ಬೆಳಿಗ್ಗೆ 9ರಿಂದ ಮರುದಿನ ನಸುಕಿನ 3ರವರೆಗೆ ಬವೇರಿಯಾ ಪ್ರಾಂತ್ಯದ ಯಾವ ಪ್ರಾದೇಶಿಕ ರೈಲನ್ನಾದರೂ ಅದರ ಮೇಲೆ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು; ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತದೆ. ಒಂದೇ ಚೀಟಿ ಐವರಿಗೂ ಸಾಲುತ್ತದೆ. ಇವರು ಸಾಲ್ಜ್‌ಬರ್ಗಿಗೆಂದು ಕೂತರು, ನಡುವೆ ಪ್ರೀನ್ ಎಂಬಲ್ಲಿ ಕೀಮ್‌ಸೇ ಸರೋವರ ಹತ್ತಿರ ಎಂದು ಇಳಿದರು, ದಂಡೆಯ ಮೇಲೆ ಕೂತರು, ಮುಂದಿನ ಗಾಡಿಗೆ ಹತ್ತಿದರು. ಮುಂದಿನ ಗಾಡಿ ಬಂದೇ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದಾರೈಅಚದ ಗುಟ್ಟೆಲ್ಲ ಇಲ್ಲೇ ಇದೆ, ಆದರೆ ಪುರವಣಿಯ ಲೇಖಕರು ಇದನ್ನು ಬರೆಯುವುದಿಲ್ಲ. ಉದಾಹರಣೆಗೆ, ಪಕ್ಕದ ಸ್ವಿಟ್ಜರ್ಲೆಂಡಿನವರು 1982ರಲ್ಲಿ ಇಡೀ ದೇಶದ ರೈಲುಗಳನ್ನು ಗಡಿಯಾರದ ಮುಳ್ಳಿಗೆ ಕಟ್ಟಿದರು: ಒಂದು ಊರಿನಿಂದ ಗಂಟೆಗೆ 7 ನಿಮಿಷಕ್ಕೆ ಗಾಡಿ ಇದ್ದರೆ ಎಲ್ಲ ಗಂಟೆಗೂ 7 ನಿಮಿಷಕ್ಕೇ ಗಾಡಿ. ದಂಪತಿ ‘ಅ’ ಯೋಜನೆಯಿಲ್ಲದೆ ಸುತ್ತಿದ್ದೂ ಹೀಗೆ ಬೇರೆ ಯಾರೋ ಕೂತು ನಿಮಿಷ ನಿಮಿಷಕ್ಕೂ ಯೋಜನೆ ಮಾಡಿಟ್ಟಿದ್ದರಿಂದ. ಗಂಡ ಹೆಂಡತಿಯ ಮನಸ್ಸು ಹಕ್ಕಿಯ ಹಾಗೆ ಹಾರಾಡಬೇಕಾದರೆ ಕೆಳಗೆ ಹಳಿ, ಸಿಗ್ನಲ್ಲು, ತೆರಿಗೆ ಮತ್ತು ಗುಮಾಸ್ತರು ಸರಿಯಾಗಿ ಕೂತಿರಬೇಕು.

(ಜರ್ಮನಿಯವರೂ ದೇವರಲ್ಲ. 2024ರಲ್ಲಿ ಅವರ ದೂರದ ರೈಲುಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ಹೊತ್ತಿಗೆ ಸರಿಯಾಗಿ ಬಂದವು. ಈ ಸುದ್ದಿಯನ್ನು ರಾಯಚೂರಿನವರಿಗೆ ತಿಳಿಸಿದಾಗ ಅವರ ಮುಖದಲ್ಲಿ ಮೂಡುವ ಸಮಾಧಾನವನ್ನು ಅಳೆಯುವ ಮಾಪಕ ಇನ್ನೂ ಸಿದ್ಧವಾಗಿಲ್ಲ.)

ಡಿಸೆಂಬರಿನಲ್ಲಿ ದಂಪತಿ ‘ಅ’ ಊರಿಗೆ ಬಂತು. ಬೇಸಿಗೆಯಲ್ಲಿ ಬರುವಷ್ಟು ವಿದ್ವತ್ತು ಅವರಿಗಿಲ್ಲ. ಒಂದು ಬೆಳಿಗ್ಗೆ ಅದೇ ಚೀಲ ಬೆನ್ನಿಗೇರಿಸಿ ಬಾಗಿಲು ದಾಟುತ್ತಿದ್ದರು.

“ಎಲ್ಲಿಗಪಾ, ಇಷ್ಟ ನಸುಕಿನ್ಯಾಗ?”

“ಹಿಂಗ ಸುಮ್ನ, ಅವ್ವ.”

“ಸುಮ್ನ ಅಂದ್ರ? ಯಾರಿಗೇನಾತು?”

ಇಲ್ಲಿ ಒಂದು ಮಹತ್ವದ ಫಲಿತ ದೊರಕಿತು. ಈ ಸೀಮೆಯಲ್ಲಿ ಪ್ರಯಾಣ ಎನ್ನುವುದು ಕಾರ್ಯಕಾರಣ ಸಂಬಂಧದಿಂದ ಬಂಧಿತವಾಗಿದೆ. ಲಗ್ನ, ತೊಟ್ಟಿಲು, ಮಣ್ಣು, ಜಾತ್ರೆ, ಕೋರ್ಟು, ದವಾಖಾನೆ: ಈ ಆರರ ಹೊರಗೆ ಮನೆಯಿಂದ ಹೊರಬೀಳುವ ಗಂಡಹೆಂಡಿರ ಮೇಲೆ ಸಂಶಯ ಬರುತ್ತದೆ, ಜಗಳವಾಡಿಕೊಂಡಿದ್ದಾರೋ ಅಥವಾ ಮನೆ ಪಾಲು ಕೇಳುತ್ತಾರೋ ಎಂದು. ಸೊಸೆ ಮಾನ್ವಿಯ ಮಗಳು, ಒಂದೇ ಮಾತಿನಲ್ಲಿ ಬಗೆಹರಿಸಿದಳು: “ಮಂತ್ರಾಲಯಕ್ಕ ಹೋಗಿ ಬರ್ತೀವ್ರಿ, ಅತ್ತಿ.” ಅವ್ವನ ಮುಖ ಅರಳಿತು. “ಹಂಗಾದ್ರ ನಿಂದರ್ರಿ, ಸೀರಿ ಬದಲ್ ಮಾಡಿ ಬರ್ತೀನಿ. ಮ್ಯಾಲಿನ ಮನಿ ಕಾಕುಗೂ ಹೇಳ್ತೀನಿ, ಆಕಿ ಹರಕಿ ಒಂದು ಹಂಗ ಉಳದದ.”

ದಾರೈಅಚದಿಂದ ‘ದಾಂಪತ್ಯ’ ಎಂಬ ಘಟಕ ಇಲ್ಲಿಗೆ ಕಳಚಿಕೊಂಡಿತು.

ಸ್ಟೇಷನ್ನಿನ ಕಿಂಡಿಯಲ್ಲಿ ಗಂಡ ಕೊನೆಯದೊಂದು ಪ್ರಯತ್ನ ಮಾಡಿದ. ಮೊದಲು ಯಾವ ಗಾಡಿ ಬರುತ್ತದೋ ಅದು ಹೋಗುವ ಊರಿಗೆ ನಾಲ್ಕು ಟಿಕೆಟ್ ಕೊಡಿ ಎಂದ. ಕಿಂಡಿಯ ಆಚೆಯಿಂದ ಹಿಂದಿ, ತೆಲುಗು, ಕನ್ನಡ ಮೂರರಲ್ಲೂ ಒಂದೇ ಪ್ರಶ್ನೆ ಬಂತು: ಯಾವೂರಿಗೆ? “ಯಾವುದಾದ್ರೂ ನಡೀತದ್ರಿ.” “ಊರ ಹೆಸರ ಹೇಳ್ರಿ, ಹಿಂದ ಮಂದಿ ನಿಂತಾರ.” ಹಿಂದೆ ನಿಂತವರಲ್ಲಿ ಅವ್ವನೂ ಇದ್ದಳು. “ಮಂತ್ರಾಲಯ ಅನ್ನೋ, ಅದನ್ನೂ ಮರ್ತಿ?” ಎಂದು ಆಕೆಯೇ ಕಿಂಡಿಯೊಳಗೆ ಹೇಳಿದಳು. ರಾಯಚೂರಿನಿಂದ ದಕ್ಷಿಣಕ್ಕೆ ಮಟಮಾರಿ, ಅದರಾಚೆ ಮಂತ್ರಾಲಯಂ ರೋಡ್. ಮೊದಲು ತುಂಗಭದ್ರಾ ಎಂಬ ಚೆಂದದ ಹೆಸರಿದ್ದ ಸ್ಟೇಷನ್ನು. ಅಲ್ಲಿಂದ ಮಠಕ್ಕೆ ಇನ್ನೂ ಸುಮಾರು 15 ಕಿ.ಮೀ. ಆಟೋ.

ನಿಯಮಗಳನ್ನೂ ಸಂಶೋಧಕ ಪರಿಶೀಲಿಸಿದ್ದಾನೆ. ಭಾರತೀಯ ರೈಲ್ವೆಯಲ್ಲಿ ‘ವೃತ್ತ ಪ್ರಯಾಣ’ದ ಟಿಕೆಟ್ ಎಂಬುದೊಂದಿದೆ, ಎಂಟು ಕಡೆಯವರೆಗೆ ಇಳಿದು ಹತ್ತಬಹುದು. ಬಯರ್ನ್ ಟಿಕೆಟ್ಟಿನ ದೂರದ ನೆಂಟನಂತೆ ಕಾಣುತ್ತದೆ, ಆದರೆ ಯಾವ ದಾರಿ, ಯಾವ ಊರು ಎಂದು ಮೊದಲೇ ಬರೆದು ಕೊಟ್ಟು ಮಂಜೂರು ಮಾಡಿಸಬೇಕು. ವಿದೇಶಿಯರಿಗೂ ಅನಿವಾಸಿಗಳಿಗೂ ಇಂಡ್ರೈಲ್ ಪಾಸ್ ಇತ್ತು. ಇಷ್ಟು ದಿನ ಎಂದು ಹಣ ಕಟ್ಟಿದರೆ ದೇಶದ ತುಂಬ ಅಲೆಯಬಹುದಿತ್ತು. ಈ ದೇಶದಲ್ಲೇ ಇರುವವರಿಗೆ ಅದನ್ನು ಕೊಡುತ್ತಿರಲಿಲ್ಲ. 2017ರಲ್ಲಿ ವಿದೇಶಿಯರಿಗೂ ನಿಲ್ಲಿಸಿ ಸಮಾನತೆ ತಂದರು. ಅವಸರದವರಿಗೆಂದೇ ಇರುವ ತತ್ಕಾಲ್‌ನಲ್ಲಿ ಗಾಡಿ ಹೊರಡುವ ಹಿಂದಿನ ದಿನ ಎ.ಸಿ.ಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ಬೆರಳು ಸಿದ್ಧವಾಗಿಟ್ಟುಕೊಂಡು ಕೂರಬೇಕು. ಇನ್ನು ಉಳಿದದ್ದು ಜನರಲ್ ಟಿಕೆಟ್. 199 ಕಿ.ಮೀ.ವರೆಗಿನ ಜನರಲ್ ಟಿಕೆಟ್ ಕೊಂಡ ಮೇಲೆ ಮೂರು ಗಂಟೆಯೊಳಗೆ, ಇಲ್ಲವೇ ಆ ಊರಿನ ಮೊದಲ ಗಾಡಿಗೆ ಹತ್ತಬೇಕು, 2016ರಿಂದ ಹೀಗೆ. ಅಂದರೆ ಬಡವನ ದಿಢೀರ್ ಮನಸ್ಸಿಗೆ ಸರ್ಕಾರ ಮೂರು ಗಂಟೆಯ ಗಡುವು ಹಾಕಿದೆ.

5. ವರ್ಗೀಕರಣ

ಮೇಲಿನ ದತ್ತಾಂಶದ ಹಿನ್ನೆಲೆಯಲ್ಲಿ ದಾರೈಅಚವನ್ನು ಏಳು ವಿಧಗಳಾಗಿ ವಿಂಗಡಿಸಲಾಗಿದೆ.

(ಅ) ಪುಣ್ಯನಿಮಿತ್ತ ದಾರೈಅಚ. ಮೇಲೆ ವಿವರಿಸಿದೆ. ಲಕ್ಷಣ: ಹೊರಟಾಗ ಇಬ್ಬರು, ತಲುಪುವಾಗ ನಾಲ್ಕು ಮಂದಿ. ಬರುವಾಗ ರಾಯರ ಮಠದ ಪರಿಮಳ ಪ್ರಸಾದ.

(ಆ) ಶೂನ್ಯಟಿಕೆಟ್ ದಾರೈಅಚ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಹೆಂಡತಿಗೆ ಸೊನ್ನೆ ರೂಪಾಯಿಯ ಟಿಕೆಟ್, ಗಂಡನಿಗೆ ಪೂರ್ತಿ ದರ. ದಾಂಪತ್ಯದೊಳಗಿನ ಅಧಿಕಾರ ಸಂಬಂಧಗಳು ಇದರಿಂದ ಮರುವಿನ್ಯಾಸಗೊಂಡಿವೆ. ಹೆಂಡತಿಗೆ ಮನಸ್ಸು ಬಂದರೆ ಮಾನ್ವಿಯ ತವರಿಗೆ ಹೋಗಿ ಸಂಜೆಗೆ ವಾಪಸ್ ಬರುತ್ತಾಳೆ. ಗಂಡ ಜೇಬು ಮುಟ್ಟಿ ನೋಡಿ ‘ನೀನ ಹೋಗಿ ಬಾ’ ಎನ್ನುತ್ತಾನೆ. ಕಲ್ಲೂರಿನ ಹತ್ತಿರ ಬಸ್ಸು ನಿಂತಾಗ ಒಗ್ಗರಣಿ ಮಿರ್ಚಿ ತಿನ್ನುವುದೂ ಒಬ್ಬಳೇ. ರಾಯಚೂರು ಸೀಮೆಯ ನಿಜವಾದ ಅನಿಯೋಜಿತ ಪ್ರವಾಸಿ ಇವಳೇ ಎಂದು ಸಂಶೋಧಕನ ಗಟ್ಟಿ ಅಭಿಪ್ರಾಯ. ಆದರೆ ಇದರಲ್ಲಿ ರೈಲೂ ಇಲ್ಲ, ದಂಪತಿಯೂ ಇಲ್ಲ. ಆದ್ದರಿಂದ ಈ ವಿಧವನ್ನು ‘ದಾರೈ’ ಕಳೆದು ಬರೀ ‘ಅಚ’ ಎಂದು ಕರೆಯತಕ್ಕದ್ದು.

(ಇ) ದವಾಖಾನೆನಿಮಿತ್ತ ದಾರೈಅಚ. ರಾತ್ರಿ ಎದೆ ಹಿಡಿಯಿತು ಅಥವಾ ಹುಡುಗಿಗೆ ಹೆರಿಗೆಯಲ್ಲಿ ತೊಡಕಾಯಿತು. ತಾಲ್ಲೂಕಿನವರು ಜಿಲ್ಲೆಗೆ ಒಯ್ಯಿರಿ ಎಂದರು, ಜಿಲ್ಲೆಯವರು ಹೈದರಾಬಾದಿಗೋ ಬೆಂಗಳೂರಿಗೋ ಎಂದರು. ಆಗ ಗಂಡ ಹೆಂಡತಿ ಕೈಗೆ ಸಿಕ್ಕ ಚೀಲ ಹಿಡಿದು, ಮೊದಲು ಬಂದ ಗಾಡಿ ಹತ್ತುತ್ತಾರೆ. ಯೋಜನೆ ಇಲ್ಲ, ಕಾಯ್ದಿರಿಸಿದ ಸೀಟಿಲ್ಲ, ಯಾವ ಊರಿನಲ್ಲಿ ಇಳಿದರೆ ಯಾವ ಆಸ್ಪತ್ರೆ ಎಂಬುದೂ ಗೊತ್ತಿಲ್ಲ. ವ್ಯಾಖ್ಯೆಗೆ ಇದು ಪೂರ್ತಿ ಹೊಂದುತ್ತದೆ. ರಾಯಚೂರಿಗೆ ಏಮ್ಸ್ ಕೊಡಿ ಎಂದು 2022ರ ಮೇ 13ಕ್ಕೆ ಧರಣಿ ಕೂತವರು ಸಾವಿರ ದಿನ ದಾಟಿದರು. ಈ ವಿಧದಲ್ಲಿ ನಗುವಂಥದ್ದು ಏನಿದೆ ಎಂದು ಹುಡುಕಿದೆ. ಸಿಗಲಿಲ್ಲ.

ಉಳಿದ ನಾಲ್ಕು ವಿಧಗಳನ್ನು ಕೈಬಿಡಲಾಗಿದೆ. ಅವು ಏನೆಂದು ಸಂಶೋಧಕನಿಗೆ ಈಗ ಆಸಕ್ತಿಯಿಲ್ಲ.

6. ಈ ಪ್ರಬಂಧ ಬರೆಯಲು ಕಾರಣ

ಕೆಲವು ದಿನಗಳ ಹಿಂದೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಎಲ್ಲಿ, ಯಾರದು ಎಂಬುದು ಬೇಡ. ಎಲ್ಲ ಸಂಕಿರಣಗಳೂ ಒಂದೇ ಫ್ಲೆಕ್ಸಿನ ಕೆಳಗೆ ನಡೆಯುತ್ತವೆ. ಉದ್ಘಾಟನೆಗೆ ದೀಪ ಹಚ್ಚುವಾಗ ಫ್ಯಾನು ನಿಲ್ಲಿಸಿದರು, ಭಾಷಣ ಮುಗಿಯುವ ತನಕ ಯಾರಿಗೂ ಮತ್ತೆ ಹಚ್ಚುವ ನೆನಪಾಗಲಿಲ್ಲ. ವಿಷಯ ಗುಳೆ. ಆದರೆ ಮೂರು ಗೋಷ್ಠಿಗಳಲ್ಲಿ ಆ ಎರಡಕ್ಷರ ಯಾರ ಬಾಯಲ್ಲೂ ಬರಲಿಲ್ಲ. ‘ಋತುಮಾನೀಯ ಚಲನಶೀಲತೆ’ ಎಂದರು. ‘ಜೀವನೋಪಾಯದ ವೈವಿಧ್ಯೀಕರಣ’ ಎಂದರು. ಒಬ್ಬರು ‘ಗ್ರಾಮೀಣ ಕುಟುಂಬವು ನಗರದೊಂದಿಗೆ ನಡೆಸುವ ಸೃಜನಶೀಲ ಅನುಸಂಧಾನ’ ಎಂದರು, ಚಪ್ಪಾಳೆ ಬಿತ್ತು. ದೇವದುರ್ಗ ತಾಲ್ಲೂಕಿನ ಜನ ಅಲೆಮಾರಿ ಮನೋಧರ್ಮದವರು, ಚಲನೆ ಅವರ ಅಸ್ಮಿತೆ ಎಂದೂ ಒಬ್ಬರು ಹೇಳಿದರು. ಊಟ ಚೆನ್ನಾಗಿತ್ತು.

ಅಸ್ಮಿತೆಯಂತೆ! ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ದೇವದುರ್ಗದ ಪಕ್ಕದಲ್ಲಿ ಕೃಷ್ಣೆ ಹರಿಯುತ್ತಾಳೆ, ಮಾನ್ವಿಯ ಪಕ್ಕದಲ್ಲಿ ತುಂಗಭದ್ರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮೇಲಿನವರ ಭತ್ತದ ಗದ್ದೆಗಳನ್ನು ತುಂಬಿ ಉಳಿದರೆ ಮಾನ್ವಿಯ ಕೊನೆಭಾಗಕ್ಕೆ ಬರುತ್ತದೆ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಎಲ್ಲರಿಗಿಂತ ಮೊದಲು ಎದೆ ಬಡಿದುಕೊಂಡವರು ಕೊನೆಭಾಗದವರು. ಎರಡು ನದಿಗಳ ನಡುವೆ ಹುಟ್ಟಿ, ಬಿತ್ತಿದ್ದು ಒಣಗಿ, ಸಾಲದವನು ಬಾಗಿಲಿಗೆ ಬಂದ ಮೇಲೆ ಊರು ಬಿಡುವುದನ್ನು ಮನೋಧರ್ಮ ಎನ್ನುವವರಿಗೆ ಸರ್ಕಾರದ ಖರ್ಚಿನಲ್ಲಿ ಪ್ರಯಾಣ ಭತ್ಯೆ ಕೊಡುತ್ತಾರೆ, ಅದೂ ಎ.ಸಿ. ಎರಡನೇ ದರ್ಜೆಯ ಲೆಕ್ಕದಲ್ಲಿ.

ಸಂಕಿರಣ ಮುಗಿಸಿ ರಾತ್ರಿ ರಾಯಚೂರು ಸ್ಟೇಷನ್ನಿಗೆ ಬಂದೆ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಬರುವ ಹೊತ್ತು. ಪ್ಲಾಟ್‌ಫಾರಂ ಮೇಲೆ, ಜನರಲ್ ಡಬ್ಬಿ ನಿಲ್ಲುವ ತುದಿಯಲ್ಲಿ, ದಂಪತಿ ‘ಆ’ ಕೂತಿತ್ತು. ಇವರನ್ನು ನಾನು ಕಟ್ಟಬೇಕಾಗಲಿಲ್ಲ. ಗಂಡಹೆಂಡತಿ ಇಬ್ಬರದೂ ಇಪ್ಪತ್ತೈದರ ಒಳಗಿನ ವಯಸ್ಸು. ಯೂರಿಯಾದ ಖಾಲಿ ಚೀಲದಲ್ಲಿ ಜೋಳದ ಹಿಟ್ಟು, ಕಟಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಎರಡು ಹಾಸಿಗೆ, ಹಂಚು. ನನ್ನ ಕೈಯಲ್ಲಿ ಸಂಕಿರಣದ ಫೈಲು ಇನ್ನೂ ಇತ್ತು, ಪ್ರಶ್ನಾವಳಿಯ ಚಾಳಿ ಹೋಗಿರಲಿಲ್ಲ.

“ಮೊದಲ ಠರಾಯಿಸಿ ಹೊಂಟೀರೇನು?”

“ಇಲ್ರಿ. ಮೇಸ್ತ್ರಿ ನಿನ್ನಿ ಸಂಜಿಕ ಫೋನ್ ಮಾಡಿದ. ಇವತ್ತ ಬರ್ರಿ ಅಂದ.”

“ಎಲ್ಲಿಗೆ?”

“ಬೆಂಗ್ಳೂರ್ರಿ.”

“ಬೆಂಗಳೂರಾಗ ಎಲ್ಲಿ?”

ಗಂಡ ಹೆಂಡತಿಯ ಮುಖ ನೋಡಿದ. ಆಕೆ ಹೇಳಿದಳು: “ಇಳದ ಮ್ಯಾಲ ಹೇಳ್ತಾನ್ರಿ.”

ಮೊದಲ ಪ್ಯಾರಾದ ವ್ಯಾಖ್ಯೆಯನ್ನು ಈಗ ಇವರಿಗೆ ಹಿಡಿದು ನೋಡಬಹುದು. ದಂಪತಿ: ಹೌದು. ಬೆನ್ನಿಗೆ ಚೀಲ: ಹೌದು, ತಲೆಯ ಮೇಲೂ ಒಂದು. ಯೋಜನೆಯಿಲ್ಲ: ಹೌದು. ಎಲ್ಲಿಗೆಂದು ತಮಗೇ ಗೊತ್ತಿಲ್ಲ: ಹೌದು. ರೈಲು: ಹೌದು, ಅದಕ್ಕೂ ಮೊದಲು ದೇವದುರ್ಗದಿಂದ ಗಬ್ಬೂರಿನ ಮೇಲೆ ಬಸ್ಸು. ಪರದೇಶ: ಯಶವಂತಪುರದ ಆಚೆ ಕಟ್ಟಡ ಏಳುತ್ತಿರುವ ಯಾವುದೋ ಬಡಾವಣೆಯಲ್ಲಿ ತಗಡಿನ ಷೆಡ್ಡು ಹಾಕಿಕೊಂಡು, ಅಲ್ಲಿಯ ಅಂಗಡಿಯವನಿಗೆ ತಮ್ಮ ಕನ್ನಡ ಅರ್ಥವಾಗದೆ ಅವನು ಹಿಂದಿಯಲ್ಲಿ ಮಾತಾಡಿಸುವ ಜಾಗಕ್ಕೆ ಬೇರೆ ಹೆಸರು ಬೇಕಿಲ್ಲ. ಕಾಫಿಯ ಫೋಟೊ ಒಂದು ಕಡಿಮೆ. ಮಕ್ಕಳ ಫೋಟೊ ಇತ್ತು, ಮೊಬೈಲಿನಲ್ಲಿ. ಎರಡೂ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು.

ಗಾಡಿ ಬಂತು. ಜನರಲ್ ಡಬ್ಬಿಯ ಬಾಗಿಲಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಹತ್ತಿದವರೇ ಕಾಲಿಡಲು ಬಿಡದಂತೆ ನಿಂತಿದ್ದರು. ಗಂಡ ಚೀಲವನ್ನು ಕಿಟಕಿಯಲ್ಲಿ ತುರುಕಲು ನೋಡಿದ, ಕಿಟಕಿಗೆ ಸರಳು. ಹೆಂಡತಿಯನ್ನು ಮೊದಲು ಒಳಗೆ ನೂಕಿ, ಅವಳ ತಲೆಯ ಮೇಲಿನಿಂದ ಹಂಚು ಕೊಟ್ಟು, ತಾನು ಮೆಟ್ಟಿಲ ಮೇಲೆ ಒಂದು ಕಾಲು ಊರಿದ. ರಾತ್ರಿಯಿಡೀ ಅವಳು ಸಂಡಾಸದ ಬಾಗಿಲ ಬಳಿ ಕೂತಿರುತ್ತಾಳೆ. ನಾನು ರಿಸರ್ವ್ ಮಾಡಿಸಿದ ಬರ್ತಿಗೆ ಹೋಗಿ ಮಲಗಿದೆ. ಸಂಶೋಧಕರು ಹಾಗೆಯೇ ಮಾಡುತ್ತಾರೆ.

ಇವರಲ್ಲಿ ಯಾರೂ ಪುರವಣಿಗೆ ಬರೆಯುವುದಿಲ್ಲ. ಬರೆದರೂ ‘ಅಂದು ಬೆಳಿಗ್ಗೆ ನಮಗೆ ಯಾವ ಯೋಜನೆಯೂ ಇರಲಿಲ್ಲ’ ಎಂಬ ವಾಕ್ಯ ಅವರದಾದರೆ ಸಂಪಾದಕರು ಅದನ್ನು ಪ್ರವಾಸದ ಪುಟಕ್ಕೆ ಹಾಕುವುದಿಲ್ಲ.

7. ಶಿಫಾರಸುಗಳು

ಪ್ರಬಂಧಕ್ಕೆ ಶಿಫಾರಸು ಇರಬೇಕೆಂಬ ನಿಯಮವಿದೆ. ಪರಿಭಾಷೆ ಬಿಟ್ಟು ಬರೆಯುತ್ತೇನೆ, ಅಂಕ ಕಳೆಯುವುದಾದರೆ ಕಳೆಯಿರಿ.

ಗಿಣಿಗೇರಾ-ಮಹಬೂಬನಗರ ಮಾರ್ಗ 1997-98ರಲ್ಲಿ ಮಂಜೂರಾಯಿತು. ಗಿಣಿಗೇರಾದಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಮೇಲೆ ರಾಯಚೂರಿಗೆ 165 ಕಿ.ಮೀ. ಆ ವರ್ಷ ಹುಟ್ಟಿದ ಕೂಸು ಈಗ ತಾನೇ ಮಕ್ಕಳ ತಂದೆ. ಮೇಲೆ ಹೇಳಿದ ಪ್ಲಾಟ್‌ಫಾರಮ್ಮಿನಲ್ಲಿ ಕೂತವರಲ್ಲಿ ಆ ವಯಸ್ಸಿನವರು ಬೇಕಾದಷ್ಟು ಜನ ಸಿಗುತ್ತಾರೆ. ರಾಯಚೂರಿನಿಂದ ಆಚೆ ತೆಲಂಗಾಣದ ಗದ್ವಾಲಕ್ಕೆ 2013ರಲ್ಲೇ ಗಾಡಿ ಓಡಿತು. ಈಚೆಯ ತುದಿಯಿಂದ ಸಿಂಧನೂರಿಗೆ ರೈಲು ಮುಟ್ಟಿದ್ದು 2024ರ ಮಾರ್ಚಿನಲ್ಲಿ. ಮಾನ್ವಿ ಎರಡರ ನಡುವೆ ಕೂತಿದೆ. ಅದೇ 2024ರ ಮಾರ್ಚಿನಲ್ಲಿ ಕಲಬುರಗಿ-ಬೆಂಗಳೂರು ವಂದೇ ಭಾರತ್ ರಾಯಚೂರಿನ ಮೇಲೆ ಓಡಲು ಶುರುವಾಯಿತು. ಚೆಂದದ ಗಾಡಿ, ಬೇಗ ಹೋಗುತ್ತದೆ, ಜನರಲ್ ಡಬ್ಬಿ ಇಲ್ಲ. ಕೋವಿಡ್ ನೆಪದಲ್ಲಿ ಪ್ಯಾಸೆಂಜರ್ ಗಾಡಿಗೆ ಎಕ್ಸ್‌ಪ್ರೆಸ್ಸಿನ ದರ ಹಾಕಿ ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ಟನ್ನು ಮೂವತ್ತಕ್ಕೆ ಏರಿಸಿದವರು, ಅದನ್ನು ಇಳಿಸಲು ಮನಸ್ಸು ಮಾಡಿದ್ದು 2024ರ ಫೆಬ್ರವರಿಯಲ್ಲಿ. ನಾಲ್ಕು ವರ್ಷ ಆ ಇಪ್ಪತ್ತು ರೂಪಾಯಿ ಯಾರಿಂದ ಬಂತು ಎಂಬುದಕ್ಕೆ ಸಂಶೋಧನೆ ಬೇಕಿಲ್ಲ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಮನವಿ: ರಾಯಚೂರಿನಿಂದ ಬೆಂಗಳೂರಿಗೂ ಮುಂಬಯಿಗೂ ಹೋಗುವ ರಾತ್ರಿ ಗಾಡಿಗಳಿಗೆ ಇನ್ನೆರಡೆರಡು ಜನರಲ್ ಡಬ್ಬಿ ಹಚ್ಚಿ. ಸಿಂಧನೂರಿನಲ್ಲಿ ನಿಂತ ಹಳಿಯನ್ನು ಮಾನ್ವಿ ದಾಟಿಸಿ ರಾಯಚೂರಿಗೆ ಕೂಡಿಸಿ. ದೇವದುರ್ಗದವರು ಸದ್ಯಕ್ಕೆ ಬಸ್ಸಿಗೇ ಬರುತ್ತಾರೆ.